ಹುಂಡಿಯ ಮನೆ

ನಮ್ಮ ಕಡೆ ಹುಂಡಿ ಎಂದರೆ ದೇವಸ್ಥಾನದ್ದು. ಗರ್ಭಗುಡಿಯ ಎದುರಿಗೊಂದು ಕಬ್ಬಿಣದ ಪೆಟ್ಟಿಗೆ, ತಲೆಯ ಮೇಲೊಂದು ಸೀಳು, ಹೊಟ್ಟೆಗೊಂದು ಬೀಗ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ. ಅದರೊಳಗೆ ಬಿದ್ದ ಕಾಸು ಬಿದ್ದ ಹಾಗೇ. ಹಾಕಿದವನು ರಸೀದಿ ಕೇಳುವುದಿಲ್ಲ, ಕೇಳಿದರೆ ಕೊಡುವವರೂ ಇಲ್ಲ. ಸಾಹುಕಾರರ ಭಾಷೆಯಲ್ಲಿ ಹುಂಡಿ ಎಂದರೆ ಬೇರೆ. ಅದು ಒಂದು ತುಂಡು ಕಾಗದ. ಈ ಊರಿನಲ್ಲಿ ಸಾಹುಕಾರನಿಗೆ ದುಡ್ಡು ಕಟ್ಟಿ ಆ ಕಾಗದ ಬರೆಸಿಕೊಂಡು ಹೊರಟರೆ, ಹತ್ತು ದಿನದ ದಾರಿಯಾಚೆಯ ಇನ್ನೊಂದೂರಿನಲ್ಲಿ ಅವನ ಗುಮಾಸ್ತ ಕಾಗದ ನೋಡಿ ಅಷ್ಟೂ ದುಡ್ಡನ್ನು ಎಣಿಸಿ ಕೊಡುತ್ತಾನೆ. ನಡುದಾರಿಯಲ್ಲಿ ಕಳ್ಳರು ಬಂದರೆ ಅವರ ಪಾಲಿಗೆ ಸಿಗುವುದು ಓದಲು ಬಾರದ ನಾಲ್ಕು ಸಾಲು. ನೋಡಿದ ಕೂಡಲೇ ಹಣ ಕೊಡಬೇಕಾದದ್ದಕ್ಕೆ ದರ್ಶನಿ ಹುಂಡಿ ಎಂದು ಹೆಸರು. ಇಂತಿಷ್ಟು ದಿನದ ಮೇಲೆ ಕೊಡುವುದು ಮುದ್ದತಿ ಹುಂಡಿ. ಸರಕು ಸುರಕ್ಷಿತವಾಗಿ ಊರು ಸೇರಿದರೆ ಮಾತ್ರ ಹಣ, ಮುಳುಗಿದರೆ ಇಲ್ಲ ಎನ್ನುವುದು ಜೋಖಮಿ ಹುಂಡಿ. ಕಾಗದ ಕಳೆದುಹೋದರೆ ಅದರ ನಕಲಿಗೆ ಪೇಠ್, ಅದೂ ಕಳೆದರೆ ಪರಪೇಠ್. ಮನುಷ್ಯನ ಮರೆವಿಗೆ ಇಷ್ಟೊಂದು ಅವಕಾಶ ಮಾಡಿಕೊಟ್ಟ ವ್ಯವಹಾರ ಬೇರೆ ಯಾವುದಿದೆಯೋ ನಾನು ಕಾಣೆ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಾನು ಮೂವತ್ತೈದು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಕೂತು ಎದ್ದವನು. ಬಡ್ತಿಯ ಪರೀಕ್ಷೆಗೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯನ್ನು ಬಾಯಿಪಾಠ ಮಾಡುವಾಗ ಅದರ ಮೊದಲನೇ ಕಲಮಿನಲ್ಲೇ ಒಂದು ಮಾತು ಸಿಕ್ಕಿತ್ತು. ದೇಶಭಾಷೆಗಳಲ್ಲಿ ಬರೆದ ಇಂಥ ಪತ್ರಗಳ ವಿಷಯದಲ್ಲಿ ಅಲ್ಲಲ್ಲಿಯ ರೂಢಿಗೆ ಈ ಕಾಯಿದೆ ಅಡ್ಡ ಬರುವುದಿಲ್ಲ ಎಂದು. ಚೆಕ್ಕು, ಪ್ರಾಮಿಸರಿ ನೋಟು ಎಲ್ಲವನ್ನೂ ಹಗ್ಗ ಹಾಕಿ ಕಟ್ಟಿದ ಬಿಳಿಯ ಸರ್ಕಾರ ಹುಂಡಿಯ ಮುಂದೆ ಮಾತ್ರ ಕೈಕಟ್ಟಿ ನಿಂತಿತಲ್ಲ ಎಂದು ಆವತ್ತು ನನಗೆ ಖುಷಿಯಾಗಿತ್ತು. ಹುಂಡಿ ಬರೆಯುತ್ತಿದ್ದವರ ಮನೆಯನ್ನು ಒಂದು ಸಲ ನೋಡಬೇಕು ಎಂಬ ಆಸೆ ಆಗ ಹುಟ್ಟಿದ್ದು. ಅದು ಈಡೇರಿದ್ದು ನಿವೃತ್ತನಾದ ಮೇಲೆ, 2018ರ ಡಿಸೆಂಬರಿನಲ್ಲಿ.

ನಮ್ಮೂರು ಅರಸೀಕೆರೆ. ಮೂರು ದಿಕ್ಕಿನಿಂದ ಬಂದ ರೈಲುಗಳು ಕೂಡುವ ಜಂಕ್ಷನ್ನು, ಕೊಬ್ಬರಿಯ ಮಂಡಿ, ಇವೆರಡೂ ಇದ್ದ ಕಡೆ ಸೇಟುಗಳು ಇರಲೇಬೇಕು. ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ನಮ್ಮೂರಿನ ಮೇಲೇ ಹಾದುಹೋಗುತ್ತದೆ. ಮದುವೆಯ ಕಾಲದಲ್ಲಿ, ದೀಪಾವಳಿಯ ಮುಂದೆ, ಸೇಟುಗಳ ಸಂಸಾರಗಳು ಸ್ಟೀಲಿನ ಡಬ್ಬಿ, ಹಾಸಿಗೆಸುರುಳಿ, ಕುಡಿಯುವ ನೀರಿನ ಮಡಕೆಯ ಸಮೇತ ಅದನ್ನು ಹತ್ತುವುದನ್ನು ನೋಡಿದ್ದೆ. ಅವರು ಹೋಗುವ ಊರು ಹೇಗಿರಬಹುದು ಎಂದು ನಾವು ಯೋಚಿಸಿದ್ದು ಕಡಿಮೆ. ನಮ್ಮ ಪಾಲಿಗೆ ಸೇಟು ಗಿರವಿ ಅಂಗಡಿಯ ಕಬ್ಬಿಣದ ಸರಳಿನ ಹಿಂದೆ ಹುಟ್ಟಿ ಅಲ್ಲೇ ಬೆಳೆದವನು. ಅವನಿಗೂ ಊರು, ತಾಯಿ, ಕೇರಿ ಇದ್ದಾವು ಎಂಬುದು ಹೊಳೆಯುತ್ತಿರಲಿಲ್ಲ.

ಜೋಧಪುರದಿಂದ ಇನ್ನೊಂದು ರಾತ್ರಿಯ ರೈಲು ಹಿಡಿದು ಜೈಸಲ್ಮೇರಿನಲ್ಲಿ ಇಳಿದಾಗ ಬೆಳಗಿನ ಜಾವ, ಹಲ್ಲು ಕಟಕಟಿಸುವ ಚಳಿ. ನನ್ನ ಹೆಂಡತಿ ಮರಳುಗಾಡೆಂದರೆ ಸೆಕೆ ಎಂದು ನಂಬಿ ಸ್ವೆಟರನ್ನು ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು. ಪ್ಲಾಟ್‌ಫಾರಮ್ಮಿನಲ್ಲೇ ಪೆಟ್ಟಿಗೆ ಬಿಚ್ಚಿ ಅದನ್ನು ಹುಡುಕಿದ್ದಾಯಿತು. ಅಷ್ಟು ಹೊತ್ತಿಗೆ ಬೆಳಕು ಬಂತು. ಬೆಟ್ಟದ ಮೇಲಿನ ಕೋಟೆ ಮೊದಲು ಬೂದಿಯ ಬಣ್ಣವಿದ್ದದ್ದು ನೋಡುನೋಡುತ್ತ ಬೆಲ್ಲದ ಬಣ್ಣಕ್ಕೆ ತಿರುಗಿತು. ಸತ್ಯಜಿತ್ ರಾಯರು 1974ರಲ್ಲಿ ‘ಸೋನಾರ್ ಕೆಲ್ಲಾ’ ಸಿನಿಮಾ ತೆಗೆದ ಮೇಲೆ ಇದು ಬಂಗಾಳಿಗಳ ತೀರ್ಥಕ್ಷೇತ್ರ. ನಮ್ಮ ಹೋಟೆಲಿನಲ್ಲೂ ಮೂರು ಬಂಗಾಳಿ ಸಂಸಾರಗಳಿದ್ದವು. ಎಲ್ಲರೂ ಕೋಟೆಗೆ ಹೋದರು. ನಾವು ಪಟವೋಂಕಿ ಹವೇಲಿಗೆ ಹೊರಟೆವು.

ಕೋಟೆಯ ಕೆಳಗಿನ ಊರಿನಲ್ಲಿ, ಎರಡು ದನ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳ ನಡುವೆ ಆ ಮನೆ ಇದೆ. ಮನೆಯಲ್ಲ, ಮನೆಗಳು. ಒಂದರ ಪಕ್ಕ ಒಂದು, ಒಟ್ಟು ಐದು. ಓಣಿಗೆ ಅಡ್ಡಲಾಗಿ ಒಂದು ಕಮಾನು, ಅದನ್ನು ದಾಟಿ ತಲೆ ಎತ್ತಿದರೆ ಐದಂತಸ್ತಿನ ಹಳದಿ ಕಲ್ಲು ಮುಂದಕ್ಕೆ ಬಾಗಿ ನಿಂತಿದೆ. ಬಾಗಿರುವುದು ಗೋಡೆಯಲ್ಲ, ಝರೋಕಾಗಳು. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಕಿಟಕಿ ಮಾಡಗಳು, ಒಂದೊಂದಕ್ಕೂ ಕಲ್ಲಿನ ಕೊಡೆ, ಕೊಡೆಯ ಅಂಚಿಗೆ ಕಲ್ಲಿನ ಝಾಲರಿ. ಅವು ಅರವತ್ತಕ್ಕೂ ಹೆಚ್ಚು ಎನ್ನುತ್ತಾರೆ. ನಾನು ನಲವತ್ತರವರೆಗೆ ಎಣಿಸಿ ಕತ್ತು ನೋಯಿಸಿಕೊಂಡು ಬಿಟ್ಟೆ. ಬೇಲೂರು ಹಳೇಬೀಡಿನ ಪಕ್ಕದವರು ನಾವು, ಕೆತ್ತನೆ ಎಂದರೆ ಅಷ್ಟು ಸುಲಭಕ್ಕೆ ಬಾಯಿ ತೆರೆಯುವವರಲ್ಲ. ಆದರೆ ನಮ್ಮಲ್ಲಿ ಆ ಕೆಲಸವೆಲ್ಲ ದೇವರಿಗೆ. ಲೇವಾದೇವಿ ಮಾಡುವ ಒಬ್ಬ ಸಾಹುಕಾರ ತಾನು ಉಣ್ಣುವ, ಮಲಗುವ, ಲೆಕ್ಕ ಬರೆಯುವ ಮನೆಗೆ ಇಷ್ಟು ಉಳಿಪೆಟ್ಟು ಹಾಕಿಸುವುದು ನಮ್ಮ ಕಲ್ಪನೆಗೆ ಬಾರದ ಸಂಗತಿ. ನಮ್ಮ ಕಡೆಯ ಸಾಹುಕಾರ ಸುಣ್ಣ ಬಳಿಸುವುದಕ್ಕೂ ಮಗಳ ಮದುವೆ ಬರಲಿ ಎಂದು ಕಾಯುತ್ತಾನೆ.

"ಏನ್ರೀ, ಇದನ್ನ ಒರೆಸೋದು ಯಾರು?" ಎಂದಳು ನನ್ನ ಹೆಂಡತಿ. ಮನೆ ನೋಡುವುದಕ್ಕೆ ಅವಳದೇ ಒಂದು ಕ್ರಮ ಉಂಟು.

ಪಟವಾ ಎಂಬುದು ಕಸುಬಿನ ಹೆಸರು. ರೇಷ್ಮೆಯ ಎಳೆ, ಜರಿಯ ಎಳೆಗಳ ಕೆಲಸ ಮಾಡುವವರು, ಒಡವೆಗಳನ್ನು ದಾರಕ್ಕೆ ಪೋಣಿಸಿ ಕಟ್ಟಿ ಕೊಡುವವರು. ನಮ್ಮ ಉತ್ತರ ಕರ್ನಾಟಕದ ಪಟವೇಗಾರರ ಹೆಸರೂ ಇದೇ ಬಳಗದ್ದು. ಜೈಸಲ್ಮೇರಿನ ಪಟವಾಗಳು ಬಾಫ್ನಾ ಎಂಬ ಕುಲದ ಜೈನರು. ಗುಮಾನ್ ಚಂದ್ ಎಂಬುವರು ಜರಿ, ಬಟ್ಟೆಗಳ ವ್ಯಾಪಾರದಿಂದ ಮೇಲೆ ಬಂದು ಲೇವಾದೇವಿಗೆ ಇಳಿದರು. ಅವರಿಗೆ ಐದು ಜನ ಗಂಡುಮಕ್ಕಳು. ಐವರಿಗೂ ಒಂದೊಂದು ಮನೆ ಎಂದು 1805ರ ಸುಮಾರಿಗೆ ಮೊದಲನೆಯದರ ಕೆಲಸ ಶುರುವಾಯಿತು. ಐದೂ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಐವತ್ತು ಅರವತ್ತು ವರ್ಷ ಹಿಡಿಯಿತು. ನಮ್ಮಲ್ಲಿ ಮನೆ ಕಟ್ಟಿಸಿ ನೋಡು ಎಂಬ ಗಾದೆಯನ್ನು ಹುಟ್ಟಿಸಿದವನು ಒಂದು ಮನೆಯನ್ನಷ್ಟೇ ಕಟ್ಟಿಸಿರಬೇಕು.

ನಮಗೆ ದಾರಿ ತೋರಿಸಲು ಬಂದ ಹುಡುಗ ಒಂದು ಕತೆ ಹೇಳಿದ. ಈ ಊರಿನಲ್ಲಿ ನಿಮಗೆ ಏಳಿಗೆಯಿಲ್ಲ, ಹೊರಗೆ ಹೋಗಿ ಎಂದು ಜೈನ ಗುಡಿಯ ಪೂಜಾರಿಯೊಬ್ಬರು ಪಟವಾಗಳಿಗೆ ಹೇಳಿದರಂತೆ. ಹೋದರು, ಬೆಳೆದರು. ಕೊನೆಗೆ ರಾಜ್ಯಕ್ಕೇ ಸಾಲ ಕೊಡುವಷ್ಟು ದೊಡ್ಡವರಾಗಿ, ಆ ಮಾತು ಮರೆತು ಬಂದು ಇಲ್ಲಿ ಮನೆ ಕಟ್ಟಿದರು. ಆಮೇಲೆ ಇಳಿಮುಖ. ಕತೆಯ ಪೂಜಾರಿಯನ್ನು ನಂಬದಿದ್ದರೂ ಅದರ ಹಿಂದಿನ ಭೂಗೋಳವನ್ನು ನಂಬಬಹುದು. ಜೋರಾವರ್ ಮಲ್ ಎಂಬ ಮಗ ಉದಯಪುರದಲ್ಲಿ ನೆಲೆಸಿದ. ಕರ್ನಲ್ ಟಾಡ್ 1818ರಲ್ಲಿ ಇಂಗ್ಲಿಷರ ಏಜೆಂಟನಾಗಿ ಅಲ್ಲಿಗೆ ಬಂದಾಗ ಮೇವಾಡದ ಖಜಾನೆ ಬರಿದಾಗಿತ್ತು, ಅದಕ್ಕೆ ಉಸಿರು ಕೊಟ್ಟ ಸಾಹುಕಾರರಲ್ಲಿ ಈತ ಮುಖ್ಯ. ಉಳಿದವರ ಗದ್ದಿಗಳು ಕೋಟಾ, ರತ್ಲಾಮ್, ಝಾಲರಾಪಾಟಣಗಳಲ್ಲಿ. ಒಬ್ಬ ಮಗ ಮಾತ್ರ ಜೈಸಲ್ಮೇರಿನಲ್ಲಿ ಉಳಿದ. ಅಂದರೆ ಐದು ಮಕ್ಕಳಿಗೆಂದು ಕಟ್ಟಿದ ಐದು ಮನೆಗಳಲ್ಲಿ ನಾಲ್ಕರ ಯಜಮಾನರು ಬೇರೆ ಊರಿನಲ್ಲಿ ಕೂತು ಬಡ್ಡಿ ಎಣಿಸುತ್ತಿದ್ದರು. ಈಗ ಮಕ್ಕಳೆಲ್ಲ ಅಮೆರಿಕದಲ್ಲಿದ್ದು ಅಪ್ಪ ಅಮ್ಮ ಮಾತ್ರ ಬೆಂಗಳೂರಿನ ಮೂರಂತಸ್ತಿನ ಮನೆಯಲ್ಲಿ ದೀಪ ಹಚ್ಚುತ್ತಾರಲ್ಲ, ಹಾಗೆ.

ಆ ಊರುಗಳ ಹೆಸರನ್ನು ಇನ್ನೊಮ್ಮೆ ಓದಿ, ನಕ್ಷೆ ಬಿಡಿಸಿ ನೋಡಿ. ಕೋಟಾ, ಝಾಲರಾಪಾಟಣ, ರತ್ಲಾಮ್. ಎಲ್ಲವೂ ಮಾಳವದ ಒಳಗೆ ಅಥವಾ ಅದರ ಸೆರಗಿನಲ್ಲಿ. ಮಾಳವದಲ್ಲಿ ಆಗ ಬೆಳೆಯುತ್ತಿದ್ದ ಚಿನ್ನದಂಥ ಬೆಳೆ ಅಫೀಮು. ಬಂಗಾಳದ ಅಫೀಮು ಕಂಪನಿ ಸರ್ಕಾರದ ಸ್ವಂತ ಸೊತ್ತು. ಮಾಳವದ್ದು ದೇಶೀ ರಾಜರ ಸೀಮೆಯಲ್ಲಿ ಬೆಳೆಯುತ್ತಿದ್ದರಿಂದ ಅದರ ಮೇಲೆ ಕಂಪನಿಗೆ ಹಿಡಿತವಿರಲಿಲ್ಲ, ಮುಂಬಯಿಯ ಮೇಲೆ ಸಾಗಿಸಿದರೆ ಸುಂಕ ವಸೂಲು ಮಾಡುವುದಷ್ಟೇ. ಸುಂಕ ತಪ್ಪಿಸಲು ವ್ಯಾಪಾರಿಗಳು ಪಾಲಿ, ಜೈಸಲ್ಮೇರುಗಳ ಮೇಲೆ ಒಂಟೆಗಳಲ್ಲಿ ಹೇರಿ ಕರಾಚಿಗೆ ಒಯ್ದು, ಅಲ್ಲಿಂದ ಹಡಗಿನಲ್ಲಿ ಪೋರ್ಚುಗೀಸರ ದಮನ್‌ಗೆ ಇಳಿಸಿ, ಅಲ್ಲಿಂದ ಚೀನಾಕ್ಕೆ ಕಳಿಸುತ್ತಿದ್ದರು. ಎಂಥ ಸುತ್ತುಬಳಸು ನೋಡಿ! ಅಷ್ಟು ಸುತ್ತಿದರೂ ಲಾಭ ಉಳಿಯುತ್ತಿತ್ತು ಎಂದರೆ ಸುಂಕ ಎಷ್ಟಿದ್ದೀತು, ಲಾಭ ಎಷ್ಟಿದ್ದೀತು. ನಡುವೆ ನಿಂತ ಮರಳಿನ ಊರಿಗೆ ಇದರಿಂದ ಬಂದ ವರಮಾನ ಸಣ್ಣದಲ್ಲ. 1843ರಲ್ಲಿ ಇಂಗ್ಲಿಷರು ಸಿಂಧ್ ಪ್ರಾಂತವನ್ನು ಗೆದ್ದುಕೊಂಡರು. ಕರಾಚಿ ಅವರ ಕೈಗೆ ಹೋಯಿತು, ಆ ದಾರಿ ಮುಚ್ಚಿತು. ಮುಂದೆ ಮುಂಬಯಿಯ ಬಂದರು, ರೈಲು ಎಲ್ಲ ಬಂದು ಒಂಟೆಯ ಮೇಲಿನ ವ್ಯಾಪಾರವೇ ಸೊರಗಿತು. 1947ರಲ್ಲಿ ಉಳಿದ ದಾರಿಗೂ ಗಡಿಯ ಬೇಲಿ ಬಿತ್ತು. ನನ್ನ ಬ್ಯಾಂಕಿನ ಬುದ್ಧಿಗೆ ಹೊಳೆದದ್ದು ಇಷ್ಟು: ದಾರಿ ಮುಚ್ಚಿದ 1843ರಲ್ಲೂ ಈ ಮನೆಗಳ ಕೆಲಸ ನಡೆಯುತ್ತಲೇ ಇತ್ತು. ಕೆಳಗೆ ಆದಾಯದ ಒಸರು ಬತ್ತುತ್ತಿದ್ದಾಗ ಮೇಲೆ ಕಲ್ಲಿನಲ್ಲಿ ಬಳ್ಳಿ ಹಬ್ಬಿಸುತ್ತಿದ್ದರು. ಇಂಥ ಸಾಲಗಾರರನ್ನು ನಾನು ಬಹಳ ನೋಡಿದ್ದೇನೆ. ಆದರೆ ಅವರಾರೂ ನೋಡಲು ಇಷ್ಟು ಚೆಂದದ್ದನ್ನು ಬಿಟ್ಟುಹೋಗಲಿಲ್ಲ.

ಐದರಲ್ಲಿ ಮೊದಲ ಮನೆಯನ್ನು ಮುಂದೆ ಕೊಠಾರಿ ಎಂಬ ಮನೆತನದವರು ಕೊಂಡರು. ಅದೀಗ ಖಾಸಗಿ ವಸ್ತುಸಂಗ್ರಹಾಲಯ. ಟಿಕೀಟು ಕೊಂಡು ಒಳಗೆ ಹೋದರೆ ಗೋಡೆ ಛಾವಣಿಗಳ ಮೇಲೆಲ್ಲ ಬಣ್ಣದ ಚಿತ್ತಾರ, ಕನ್ನಡಿಯ ಚೂರುಗಳ ಕೆಲಸ. ಹಾಸು, ಲೋಡು, ತಕ್ಕಡಿ, ಬೀಗ, ಪೇಟ ಎಂದು ಸಾಹುಕಾರಿಕೆಯ ಸಂಸಾರವನ್ನೆಲ್ಲ ಜೋಡಿಸಿಟ್ಟಿದ್ದಾರೆ. ನನ್ನ ಹೆಂಡತಿ ಅಡಿಗೆಮನೆ ನೋಡಲು ಹೋದಳು, ನಾನು ಲೆಕ್ಕದ ಗದ್ದಿಯ ಮುಂದೆ ನಿಂತೆ.

ಈ ಸಾಹುಕಾರರ ಲೆಕ್ಕದ ಲಿಪಿಗೆ ಮಹಾಜನಿ ಎಂದು ಹೆಸರು. ಬೇಗ ಬರೆಯಬೇಕೆಂಬ ಅವಸರಕ್ಕೆ ಅದರಲ್ಲಿ ಕಾಗುಣಿತವೇ ಇಲ್ಲ. ‘ಕಾಕಾ ಅಜ್ಮೀರಿಗೆ ಹೋದರು’ ಎಂದು ಬರೆದ ಕಾಗದವನ್ನು ಮನೆಯವರು ‘ಕಾಕಾ ಆಜ್ ಮರ್ ಗಯೇ’, ಎಂದರೆ ಕಾಕಾ ಇವತ್ತು ಸತ್ತರು ಎಂದು ಓದಿಕೊಂಡು ಗೋಳಾಡಿದರು ಎಂಬ ನಗೆಹನಿ ಆ ಕಡೆ ಎಲ್ಲರಿಗೂ ಗೊತ್ತು. ಕಾಕಾ ವಿಷಯದಲ್ಲಿ ಎಡವಿದರೂ ದುಡ್ಡಿನ ವಿಷಯದಲ್ಲಿ ಅವರು ಎಡವುತ್ತಿರಲಿಲ್ಲ. ಹುಂಡಿಯಲ್ಲಿ ಮೊತ್ತ ಬರೆದು, ಅದರ ಅರ್ಧ ಇಷ್ಟು, ಆ ಅರ್ಧದ ಇಮ್ಮಡಿ ಇಷ್ಟು ಎಂದು ಮತ್ತೆ ಬರೆಯುತ್ತಿದ್ದರು. ಸಾವಿರವನ್ನು ಯಾರಾದರೂ ತಿದ್ದಿ ಎರಡು ಸಾವಿರ ಮಾಡಿದರೆ ಐನೂರು ಸಾಕ್ಷಿ ಹೇಳುತ್ತದೆ. ನಾವು ಡಿಮ್ಯಾಂಡ್ ಡ್ರಾಫ್ಟಿನಲ್ಲಿ ಅಕ್ಷರದಲ್ಲೂ ಅಂಕಿಯಲ್ಲೂ ಬರೆದು, ಇಬ್ಬರು ಸಹಿ ಹಾಕಿ ಪಟ್ಟ ಪಾಡಿಗಿಂತ ಇದು ಸರಳ.

ಹುಂಡಿ ತಂದವನಿಗೆ ದುಡ್ಡಿಲ್ಲ ಎನ್ನಬೇಕಾಗಿ ಬಂದ ದಿನ ಸಾಹುಕಾರನ ಕತೆ ಮುಗಿಯಿತು. ಅಂಥವನು ಹಾಡುಹಗಲಲ್ಲಿ ಮನೆಯ ಮುಂದೆ ದೀಪ ಹಚ್ಚಿಡುತ್ತಿದ್ದನಂತೆ. ಹಗಲಿನ ಆ ದೀಪ, ಅದೇ ದಿವಾಳಿ ಎನ್ನುತ್ತಾರೆ. ನಾವು ಕನ್ನಡದಲ್ಲಿ ‘ದಿವಾಳಿ ಎದ್ದ’ ಎನ್ನುವಾಗ ಆ ದೀಪ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಿರ್ದಿ, ಖಾತೆ, ಜಮಾ, ಅಸಲು, ಗಿರವಿ, ಎಷ್ಟೊಂದು ಮಾತುಗಳು ಉತ್ತರದಿಂದ ನಮ್ಮ ಅಂಗಡಿ ಬೀದಿಗೆ ಬಂದು ಕನ್ನಡವೇ ಆಗಿಹೋಗಿವೆ. ಬಡ್ಡಿ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಎಷ್ಟು ಹಳೆಯದೆಂದರೆ, ಯಾರೂ ಅದನ್ನು ಪರವೂರಿನದು ಎಂದುಕೊಳ್ಳುವುದಿಲ್ಲ.

ಆ ಗದ್ದಿಯ ಮುಂದೆ ನಾನು ನಿಂತದ್ದು ಸ್ವಲ್ಪ ಹೆಚ್ಚೇ ಹೊತ್ತಾಯಿತು. ತಕ್ಕಡಿ ನೋಡುತ್ತಿದ್ದೆ. ಚಿನ್ನ ತೂಗುವ ಸಣ್ಣ ತಕ್ಕಡಿ ಎಲ್ಲಿ ಕಂಡರೂ ನನಗೆ ನಮ್ಮಮ್ಮನ ಅವಲಕ್ಕಿ ಸರದ ನೆನಪು ಬರುತ್ತದೆ.

ನಮ್ಮಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಅಮ್ಮನ ಮೈಮೇಲಿದ್ದ ತೂಕದ ಒಡವೆ ಎಂದರೆ ಆ ಸರ ಒಂದೇ, ನಾಲ್ಕು ತೊಲ ಇದ್ದೀತು. ಮದುವೆಯಲ್ಲಿ ನಮ್ಮ ತಾತ ಮಾಡಿಸಿಕೊಟ್ಟದ್ದು. ಅದು ಹಬ್ಬಕ್ಕೆ ಕೊರಳಿಗೆ ಬರುತ್ತಿತ್ತು, ಜೂನ್ ತಿಂಗಳಿಗೆ ಸೇಟಿನ ಅಂಗಡಿಗೆ ಹೋಗುತ್ತಿತ್ತು. ಸ್ಕೂಲು ಕಾಲೇಜು ಶುರುವಾಗುವುದು ಜೂನ್ ತಿಂಗಳಲ್ಲಿ. ನಾನು 1972ರಲ್ಲಿ ಮೈಸೂರಿನ ಹಾಸ್ಟೆಲು ಸೇರಿದ ಮೇಲೆ ಸರವು ಮನೆಯಲ್ಲಿದ್ದ ದಿನಗಳಿಗಿಂತ ಅಂಗಡಿಯಲ್ಲಿದ್ದ ದಿನಗಳೇ ಹೆಚ್ಚು. ನಾನೂ ಒಂದೆರಡು ಸಲ ಅಮ್ಮನ ಜೊತೆಗೆ ಹೋಗಿದ್ದೆ. ಸೇಟು ಸರವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಿದ್ದರು. ಪ್ರತಿ ಸಲವೂ. ಅದೇ ಸರ, ಅದೇ ಕಲ್ಲು, ಅದೇ ಹಳದಿ ಗೀಟು. "ನಾಲ್ಕ್ ಸಲ ನೋಡಿದೀರಲ್ಲ ಸೇಟೂ, ಇನ್ನೂ ನಂಬಿಕೆ ಇಲ್ವೇ?" ಎಂದು ಅಮ್ಮ ಒಂದು ಸಲ ಕೇಳಿದರು. "ನಂಬಿಕೆ ಇದೆ ಮೇಷ್ಟ್ರಮ್ಮಾ, ಕಲ್ಲಿಗೆ ಅಭ್ಯಾಸ" ಎಂದು ಅವರು ನಕ್ಕರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡೇ ಕೈಗೆ ಕೊಡುವುದು.

1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರದ ಕಾಯಿದೆ ತಂದಿತು. ಸಣ್ಣ ರೈತರು, ಕೂಲಿಯವರು, ದುರ್ಬಲ ವರ್ಗದವರ ಸಾಲ ಮನ್ನಾ. ಗಿರವಿಯಿಟ್ಟ ವಸ್ತುವನ್ನು ಸಾಹುಕಾರ ವಾಪಸು ಕೊಡಬೇಕು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗೆ ತಾಮ್ರದ ಹಂಡೆ, ಓಲೆ, ಕಾಲುಚೈನು ಬಂದವು. ನಮ್ಮಪ್ಪ ಸರ್ಕಾರಿ ಸಂಬಳದವರು, ಆದಾಯದ ಮಿತಿಯೊಳಗೆ ಬರುತ್ತಿರಲಿಲ್ಲ. ಯಾರೋ ಹೇಗೋ ಒಂದು ಸರ್ಟಿಫಿಕೇಟು ಮಾಡಿಸಿಕೊಡುತ್ತೇನೆ ಎಂದು ಬಂದಿದ್ದರು. ಅಮ್ಮ ಒಪ್ಪಲಿಲ್ಲ. "ಇಸ್ಕೊಂಡ ದುಡ್ಡು ಕೊಡದೆ ಸರ ಹಾಕ್ಕೊಂಡ್ರೆ ಕುತ್ತಿಗೆ ಉರಿಯಲ್ವೇ?" ಎಂದರು. ಇದನ್ನು ಅಮ್ಮನ ದೊಡ್ಡತನ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಎದುರು ಮನೆಯ ಗಾರೆ ಕೆಲಸದವಳು ತನ್ನ ಓಲೆ ವಾಪಸು ಬಂದ ದಿನ ನಮ್ಮ ಜಗಲಿಯ ಮೇಲೆ ಕೂತು ಅತ್ತದ್ದೂ ನನಗೆ ನೆನಪಿದೆ. ಅವಳ ಕಿವಿ ಉರಿಯಬೇಕಾಗಿರಲಿಲ್ಲ. ಆ ಓಲೆಯ ಬೆಲೆಯನ್ನು ಅವಳು ಬಡ್ಡಿಯಲ್ಲೇ ಎರಡು ಸಲ ಕಟ್ಟಿದ್ದಳು.

ಅದಾದ ಮೇಲೆ ಸೇಟುಗಳು ಕೈ ಬಿಗಿಹಿಡಿದರು. ಕೆಲವರು ತಿಂಗಳುಗಟ್ಟಲೆ ಬಾಗಿಲು ತೆರೆಯಲಿಲ್ಲ. ಕಾಯಿದೆ ಹಳೆಯ ಸಾಲವನ್ನು ತೀರಿಸಿತು, ಹೊಸ ಸಾಲವನ್ನು ಯಾರು ಕೊಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಓಲೆ ಬಿಡಿಸಿಕೊಂಡ ಅದೇ ಹೆಂಗಸು ಮಗುವಿಗೆ ಜ್ವರ ಬಂದಾಗ ಅದೇ ಓಲೆ ಹಿಡಿದುಕೊಂಡು ಬೀದಿ ಬೀದಿ ಅಲೆದಳು. ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಮಾರಿದಳು. ನಮ್ಮಕ್ಕನ ಮದುವೆಯೂ ಹಣ ಹೊಂದದೆ ಆರು ತಿಂಗಳು ಮುಂದಕ್ಕೆ ಹೋಯಿತು. ಒಂದು ರಾತ್ರಿ ಸೇಟು ತಾವಾಗಿಯೇ ನಮ್ಮ ಮನೆಗೆ ಬಂದರು. ಊರಿಗೆ ಹೋಗುತ್ತಿದ್ದೇನೆ, ಯಾವಾಗ ಬರುತ್ತೇನೋ ಗೊತ್ತಿಲ್ಲ, ಅಸಲು ಕೊಟ್ಟುಬಿಡಿ, ಉಳಿದ ಬಡ್ಡಿ ಬೇಡ ಎಂದು ಕರವಸ್ತ್ರ ಬಿಚ್ಚಿ ಸರವನ್ನು ಚಾಪೆಯ ಮೇಲಿಟ್ಟರು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟರು. ಅಮ್ಮ ಸೇಟಿಗೆ ಕಾಫಿ ಕೊಟ್ಟರು. ನೀರು ಕಾಯಿಸಿದ್ದೇ, ಕತ್ತಲಾದ ಮೇಲೆ ಏನೂ ಮುಟ್ಟುವುದಿಲ್ಲ ಎಂದು ಅವರು ಕೈಮುಗಿದು ಎದ್ದರು. ಜೈನರು ರಾತ್ರಿ ಉಣ್ಣುವುದಿಲ್ಲ ಎಂಬುದು ಅವತ್ತು ನಮಗೆ ಗೊತ್ತಾಯಿತು, ಅಷ್ಟು ವರ್ಷ ವ್ಯವಹಾರ ಮಾಡಿದ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವರ ತಂತಿಯ ಕೊಕ್ಕೆಗೆ ಚುಚ್ಚಿದ್ದ ರಸೀದಿಗಳನ್ನೆಲ್ಲ ಬಿಡಿಸಿ ಕೂಡಿದೆ. ಬ್ಯಾಂಕಿನವನ ಚಟ. ತಾತ ಮಾಡಿಸಿದಾಗ ನಾಲ್ಕುನೂರು ಚಿಲ್ಲರೆ ಬಿದ್ದಿದ್ದ ಸರಕ್ಕೆ ನಾವು ಕಟ್ಟಿದ ಬಡ್ಡಿ 572 ರೂಪಾಯಿ. ಆ 572ರಲ್ಲಿ ನನ್ನ ಬಿ.ಎಸ್ಸಿ. ಇತ್ತು. ಆ ಬಿ.ಎಸ್ಸಿ.ಯ ಬಲದಿಂದ ನಾನು ಬ್ಯಾಂಕು ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೌಂಟರಿನ ಈಚೆ ಕೂತು, ನಮ್ಮ ಚಿನಿವಾರರು ಒರೆಗಲ್ಲಿಗೆ ಉಜ್ಜಿದ ಗೀಟು ನೋಡಿ ನೂರಾರು ತಾಯಂದಿರ ಸರಗಳ ಮೇಲೆ ಸಾಲ ಕೊಟ್ಟೆ. ಬಡ್ಡಿ ಸೇಟಿನದಕ್ಕಿಂತ ಕಡಿಮೆ, ನಿಜ. ಆದರೆ ಹರಾಜಿನ ನೋಟೀಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದವನೂ ನಾನೇ. ರಾತ್ರಿ ಹೊತ್ತು ಯಾರ ಮನೆಗೂ ಹೋಗಿ ಕರವಸ್ತ್ರ ಬಿಚ್ಚಲಿಲ್ಲ. ಅದಕ್ಕೆ ಸರ್ಕ್ಯುಲರಿನಲ್ಲಿ ಅವಕಾಶವಿರಲಿಲ್ಲ.

ನಮ್ಮ ಸೇಟು ಜೈಸಲ್ಮೇರಿನವರಲ್ಲ. ಪಾಲಿ ಜಿಲ್ಲೆಯ ಯಾವುದೋ ಹಳ್ಳಿ. ಪಟವಾಗಳಿಗೂ ಅವರಿಗೂ ಮತ ಒಂದು ಎನ್ನುವುದು ಬಿಟ್ಟರೆ ಸಂಬಂಧವಿಲ್ಲ. ಅವರ ಬಡ್ಡಿ ಕಲ್ಲಿನ ಬಳ್ಳಿಯಾಗಿ ಎಲ್ಲೂ ಹಬ್ಬಿರಲಾರದು. ಆದರೂ ಆ ಹವೇಲಿಯ ಜಾಲಂಧ್ರಗಳನ್ನು ನೋಡುವಾಗ, ಕೋಟಾದಲ್ಲೋ ರತ್ಲಾಮಿನಲ್ಲೋ ಅಫೀಮಿನ ಹೊಲದ ಮೇಲೆ ಮುಂಗಡ ತಂದ ಒಕ್ಕಲಿಗನ ಹೆಂಡತಿಯ ಕೊರಳಿನಿಂದ ಏನು ಇಳಿಯಿತು, ಅದು ಇಲ್ಲಿಯ ಯಾವ ಹೂವಿನ ಕೂಲಿಗಾಯಿತು ಎಂದು ಕೇಳದೆ ಇರುವುದು ನನ್ನಿಂದಾಗಲಿಲ್ಲ. ಹಾಗೆಂದು ಸಿಟ್ಟು ಬಂತೇ ಎಂದರೆ ಅದೂ ಇಲ್ಲ. ಕಣ್ಣು ತುಂಬ ನೋಡಿದೆ. ಎರಡನೇ ಸಲ ಟಿಕೀಟು ತೆಗೆದುಕೊಂಡೂ ನೋಡಿದೆ.

ಆ ಕಲ್ಲಿನ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲರೂ ಮರಳುಗಲ್ಲು ಎಂದೇ ಕರೆದರೂ ಜೈಸಲ್ಮೇರಿನ ಹಳದಿ ಕಲ್ಲಿನಲ್ಲಿ ಬಹುಪಾಲು ಸುಣ್ಣಕಲ್ಲಿನ ಜಾತಿಯದು. ಕೋಟಿಗಟ್ಟಲೆ ವರ್ಷಗಳ ಹಿಂದೆ, ಭೂವಿಜ್ಞಾನಿಗಳು ಜುರಾಸಿಕ್ ಎನ್ನುವ ಕಾಲದಲ್ಲಿ, ಅಲ್ಲಿ ಸಮುದ್ರವಿತ್ತು. ಕಲ್ಲನ್ನು ಸೀಳಿದರೆ ಚಿಪ್ಪುಗಳ ಗುರುತು ಸಿಗುತ್ತದೆ. ಈಗ ವರ್ಷಕ್ಕೆ 200 ಮಿಲಿಮೀಟರೂ ಮಳೆ ಬೀಳದ ಊರು. ಗಾರೆ ಕಲಸಲು ನೀರನ್ನು ಯಾರು ಕೊಡುತ್ತಾರೆ? ಆದ್ದರಿಂದ ಗಾರೆಯನ್ನು ಆದಷ್ಟು ತಪ್ಪಿಸಿ, ಕಲ್ಲಿನಲ್ಲೇ ಗಾಡಿ ನಾಲಿಗೆಗಳನ್ನು ಕಡೆದು, ಒಂದರೊಳಗೊಂದು ಕೂರಿಸಿ, ಬೇಕಾದ ಕಡೆ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಬಡಗಿ ಮರ ಕೂಡಿಸಿದ ಹಾಗೆ. ನೆಲದ ಮೇಲೆ ಕೆತ್ತಿ, ಮೇಲೆ ಏರಿಸಿ ಜೋಡಿಸಿದ ಮನೆ. ಝರೋಕಾದ ಜಾಲಂಧ್ರ ಬರೀ ಅಲಂಕಾರವಲ್ಲ. ಬಿಸಿಲನ್ನು ಚೂರುಚೂರು ಮಾಡಿ ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಒಳಗಿನ ಹೆಂಗಸರಿಗೆ ಬೀದಿ ಕಾಣುತ್ತದೆ, ಬೀದಿಗೆ ಅವರು ಕಾಣುವುದಿಲ್ಲ. ನನ್ನ ಹೆಂಡತಿ ಒಂದರಲ್ಲಿ ಕಾಲು ಮಡಿಸಿ ಕೂತು ನೋಡಿದಳು. "ಕೂರೋಕೆ ಚೆನ್ನಾಗಿದೆ ಕಣ್ರೀ. ಎದ್ದು ಹೋಗೋಕೆ ಜಾಗ ಎಲ್ಲಿದೆ?" ಎಂದಳು.

ಇದನ್ನು ಕಡೆದವರು ಸಿಲಾವಟರು, ಕಲ್ಲುಕುಟಿಗರ ಪಂಗಡ. ಜೈಸಲ್ಮೇರಿನಲ್ಲಿ ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅದೇ ಊರಿನ ನಥಮಲ್ ಹವೇಲಿಯ ಎಡಬಲಗಳನ್ನು 1885ರ ಸುಮಾರಿಗೆ ಹಾಥಿ, ಲಾಲು ಎಂಬ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಬದಿ ಹಿಡಿದು ಕಡೆದರಂತೆ. ದೂರದಿಂದ ಎರಡು ಬದಿಯೂ ಒಂದೇ, ಹತ್ತಿರ ಹೋದರೆ ಒಂದು ಹೂವೂ ಇನ್ನೊಂದರಂತಿಲ್ಲ. ಊರಿನಲ್ಲಿ ಮನೆ ಕಟ್ಟಿಸುವವರು ಕಡಿಮೆಯಾದ ಮೇಲೆ ಸಿಲಾವಟರು ಕೆಲಸ ಹುಡುಕಿಕೊಂಡು ಕರಾಚಿಗೆ ಹೋದರು. ಇಂಗ್ಲಿಷರ ಕಾಲದಲ್ಲಿ ಆ ಬಂದರಿನ ಎಷ್ಟೋ ಕಲ್ಲು ಕಟ್ಟಡಗಳಿಗೆ ಅವರ ಕೈ ಸೋಕಿದೆ. ಅಫೀಮಿನ ದಾರಿಯಲ್ಲೇ ಉಳಿಯೂ ಹೋಯಿತು, ಮರಳಿ ಬರುವಷ್ಟರಲ್ಲಿ ನಡುವೆ ಬೇರೊಂದು ದೇಶ ಹುಟ್ಟಿತ್ತು.

ಐದು ಮನೆಗಳಲ್ಲಿ ಕೆಲವು ಸರ್ಕಾರದ ವಶದಲ್ಲಿವೆ. ಅಂಥದೊಂದರೊಳಗೆ ಹೋದೆವು. ಅಲ್ಲಿ ಹಾಸಿಲ್ಲ, ಲೋಡಿಲ್ಲ, ಕನ್ನಡಿಯಿಲ್ಲ. ಬರೀ ಕೋಣೆಗಳು, ಪಾರಿವಾಳಗಳು. ನಿಜ ಹೇಳಬೇಕೆಂದರೆ ವಸ್ತುಸಂಗ್ರಹಾಲಯಕ್ಕಿಂತ ನನಗೆ ಅದೇ ಹಿಡಿಸಿತು. ತುಂಬಿಟ್ಟ ಮನೆಯಲ್ಲಿ ವಸ್ತು ಕಾಣುತ್ತದೆ, ಖಾಲಿ ಮನೆಯಲ್ಲಿ ಮನೆ ಕಾಣುತ್ತದೆ. ಕಡಿದಾದ ಮೆಟ್ಟಿಲು ಹತ್ತಿ ತಾರಸಿಗೆ ಬಂದರೆ ಎದುರಿಗೆ ಕೋಟೆ, ಸುತ್ತ ಅದೇ ಬಣ್ಣದ ಊರು, ಅದರಾಚೆ ಬಯಲು. ನನ್ನ ಹೆಂಡತಿ ಮೊಣಕಾಲು ಹಿಡಿದುಕೊಂಡು ಹಿಂದಿನಿಂದ ಬಂದವಳು, "ಐದು ಮನೆ ಕಟ್ಸಿ ಒಂದರಲ್ಲೂ ಸೊಸೇರು ನೆಮ್ಮದಿಯಾಗಿ ಮೆಟ್ಲು ಹತ್ತೋ ಹಾಗೆ ಮಾಡ್ಲಿಲ್ಲ" ಎಂದು ಗುಮಾನ್ ಚಂದರಿಗೆ ಒಂದು ಷರಾ ಬರೆದಳು.

ಕೆಳಗಿಳಿದು ಓಣಿಗೆ ಬಂದಾಗ ಪಕ್ಕದ ಒಂದು ಮನೆಯ ಮುರಿದ ಕಲ್ಲು ಕೊಡೆಗೆ ಬದಲಿ ಕೆತ್ತುತ್ತ ನಡುವಯಸ್ಸಿನವನೊಬ್ಬ ನೆಲದ ಮೇಲೆ ಕೂತಿದ್ದ. ಮೀಸೆಯೆಲ್ಲ ಹಳದಿ ಪುಡಿ. ನನ್ನ ಬ್ಯಾಂಕಿನ ಹಿಂದಿಯಲ್ಲಿ ಮಾತಾಡಿಸಿದೆ. ಈ ಒಂದು ತುಂಡಿಗೆ ಎಷ್ಟು ದಿನ ಎಂದೆ. ಮಾಲೀಕ ಎಷ್ಟು ದಿನಕ್ಕೆ ಕೂಲಿ ಕೊಡುತ್ತಾನೋ ಅಷ್ಟು ದಿನ ಎಂದ. ಅವನ ತಾತನ ತಮ್ಮ ಕರಾಚಿಗೆ ಹೋದವನು ಅಲ್ಲೇ ಉಳಿದನಂತೆ. ನಿಮ್ಮ ಊರು ಯಾವುದು ಎಂದು ಕೇಳಿದ. ಕರ್ನಾಟಕ ಎಂದೆ. ಅಲ್ಲಿ ಎಂಥ ಕಲ್ಲು ಎಂದು ಕೇಳಿದ. ಬೇಲೂರಿನ ಗುಡಿಯ ಬಳಪದ ಕಲ್ಲಿನ ವಿಷಯ ಹೇಳಿದೆ. ಗಣಿಯಿಂದ ತೆಗೆದಾಗ ಉಗುರಿನಲ್ಲಿ ಗೀರಬಹುದಾದಷ್ಟು ಮೆತ್ತಗಿರುತ್ತದೆ, ಗಾಳಿ ತಗಲಿ ಬರಬರುತ್ತ ಗಟ್ಟಿಯಾಗುತ್ತದೆ, ಅದಕ್ಕೇ ನಮ್ಮವರು ಶಿಲಾಬಾಲಿಕೆಯರ ಬೆರಳಿನ ಉಂಗುರವನ್ನೂ ಕಡೆದಿದ್ದಾರೆ ಎಂದು ಸ್ವಲ್ಪ ಜಂಬದಿಂದಲೇ ವಿವರಿಸಿದೆ.

ಅವನು ಉಳಿ ನಿಲ್ಲಿಸಿ ಕೇಳಿದ. "ಮೆತ್ತಗಿರುತ್ತದೆಯೇ?" ಎಂದ. ಆಮೇಲೆ ನಮ್ಮಿಬ್ಬರನ್ನೂ ನೋಡಿ ನಕ್ಕು, "ಹಾಗಾದರೆ ನಿಮ್ಮವರದು ಸುಲಭದ ಕೆಲಸ" ಎಂದು ಮತ್ತೆ ತಲೆ ಬಗ್ಗಿಸಿದ.

ಹೋಟೆಲು ಮುಟ್ಟುವವರೆಗೂ ನನ್ನ ಹೆಂಡತಿ ಅವನ ಮೇಲೆ ಸಿಟ್ಟಾಗಿದ್ದಳು. ಅವಳ ತವರು ಹಳೇಬೀಡು.